ಬಲ್ಬಿನ ಸಂಸಾರ, ಮಣ್ಣಿನ ಮಾಳಿಗೆ

ಬೀದರಿನ ಚಿದ್ರಿ ದಾಟಿದರೆ ಒಂದು ಖಾಲಿ ಬಯಲಿನಲ್ಲಿ ಮೂರು ಮನೆಗಳಿದ್ದವು. ಮೂರೂ ಮನೆಗಳಲ್ಲಿ ಸೇರಿ ಹನ್ನೆರಡು ಮಂದಿ. ಒಬ್ಬರೂ ಉಣ್ಣುತ್ತಿರಲಿಲ್ಲ, ಜಗಳವಾಡುತ್ತಿರಲಿಲ್ಲ, ಚೆಂಬು ಹಿಡಿದು ಹೊರಗೆ ಹೋಗುತ್ತಿರಲಿಲ್ಲ. ಹನ್ನೆರಡೂ ಬಲ್ಬುಗಳು. ಅವರನ್ನು ನೋಡಿಕೊಳ್ಳುವ ಕೆಲಸ ನನ್ನದು. ಮೂರು ವರ್ಷ ನೋಡಿಕೊಂಡೆ.

ಮನೆ ಕಟ್ಟಿಸಿದವರು ಇಂಜಿನಿಯರುಗಳು. ಯಾವ ಮನೆ ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ, ಮಳೆಗೆ ಗಟ್ಟಿ ಎಂದು ಪರೀಕ್ಷೆ ಮಾಡಲು ಕಟ್ಟಿಸಿದ್ದರು. ಗೊಂಬೆಯ ಮನೆಗಳಲ್ಲ. ಮನುಷ್ಯರು ಇರುವ ಅಳತೆಯವು. ಪಡಸಾಲೆ, ಕೋಣೆ, ಅಡುಗೆಮನೆ ಎಲ್ಲ ಇದ್ದವು. ಒಲೆ ಮಾತ್ರ ಇರಲಿಲ್ಲ.

ಮೊದಲನೇ ಮನೆ ಮಣ್ಣಿನದು. ಆದರೆ ನಮ್ಮ ಅಜ್ಜನ ಕಾಲದ ಮಣ್ಣಲ್ಲ. ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯ ಗೋಡೆ, ಮೇಲೆ ಮರದ ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಏನೋ ಪುಡಿ ಕಲಸಿದ ಮಣ್ಣಿನ ಮಾಳಿಗೆ, ಅಂದರೆ ಚಪ್ಪಟೆ ಛಾವಣಿ. ಎರಡನೆಯದು ಎಲ್ಲರೂ ಕಟ್ಟಿಸುವಂಥ ಸಿಮೆಂಟ್ ಸ್ಲ್ಯಾಬಿನ ಮನೆ. ಮೂರನೆಯದು ತಯಾರಿ ಗೋಡೆಗಳ ಮನೆ: ಎರಡು ಕಡೆ ಸಿಮೆಂಟು, ನಡುವೆ ಥರ್ಮಾಕೋಲ್. ಹೊಸ ಟಿವಿಯ ಡಬ್ಬಿಯಲ್ಲಿ ಇರುತ್ತದಲ್ಲ, ಅದೇ. ಲಾರಿಯಲ್ಲಿ ಮಲಗಿಕೊಂಡು ಬಂದ ಗೋಡೆಗಳು ಒಂದು ವಾರದೊಳಗೆ ಎದ್ದು ನಿಂತಿದ್ದವು.

ಗಂಡ ಸತ್ತ ಮೇಲೆ ನಾನು ಸಂತಪುರ ಬಿಟ್ಟು ಚಿದ್ರಿಯಲ್ಲಿ ತಮ್ಮನ ಮನೆಗೆ ಬಂದಿದ್ದೆ. ನಾನು ಹಗಲೆಲ್ಲ ಮನೆಯಲ್ಲಿರುವುದು ತಮ್ಮನ ಹೆಂಡತಿಗೆ ಬೇಕಿರಲಿಲ್ಲ. ನನಗೂ ಬೇಕಿರಲಿಲ್ಲ. ಕೆಲಸ ಹುಡುಕಿಕೊಟ್ಟವಳು ಅವಳೇ.

ಆ ಮೂರು ಮನೆಗಳ ಉಸ್ತುವಾರಿ ಒಬ್ಬ ಮೇಡಂ ನೋಡುತ್ತಿದ್ದರು. ಭಾಲ್ಕಿಯವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಮೊದಲ ದಿನ ನನ್ನನ್ನು ನಿಲ್ಲಿಸಿ ಕೇಳಿದರು.

“ಆಯಿ, ಓದ್ಲಿಕ್ಕಿ ಬರ್ತದೇನ್ರಿ?”

“ಬಸ್ಸಿನ ಬೋರ್ಡ್ ಓದ್ತೇನಿ.”

“ಅಂಕಿ?”

“ಕುರಿ ಎಣಿಸೀನಿ.”

“ಎಷ್ಟರ ತನ ಎಣಿಸ್ತೀರಿ?”

“ಕುರಿ ಇದ್ದಷ್ಟು.”

ಸಾಕು ಎಂದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪ್ರತಿ ಮನೆಯ ಗೋಡೆಯ ಮೇಲಿನ ಬಿಸಿ ಅಳೆಯುವ ಮೀಟರು ನೋಡಿ ಅಂಕಿ ಬರೆಯಬೇಕು. ಯಂತ್ರವೂ ತಾನೇ ಬರೆದುಕೊಳ್ಳುತ್ತದೆ, ಆದರೆ ಯಂತ್ರ ಕೆಟ್ಟರೆ ಇರಲಿ ಎಂದು ನಾನು. ಕಸ ಹೊಡೆಯಬೇಕು. ಹೇಳಿದ ಹೊತ್ತಿಗೆ ಕಿಟಕಿ ತೆಗೆದು, ಹೇಳಿದ ಹೊತ್ತಿಗೆ ಹಾಕಬೇಕು. ಒಳಗೆ ಅಡುಗೆ ಮಾಡಬಾರದು, ನೆಲಕ್ಕೆ ನೀರು ಹಾಕಿ ಒರೆಸಬಾರದು, ಮಲಗಬಾರದು, ಮಂದಿಯನ್ನು ಕರೆಯಬಾರದು. ನಾನು ಬದುಕಿನಲ್ಲಿ ಬಹಳ ಮನೆ ನೋಡಿದ್ದೇನೆ. ಏನೂ ಮಾಡಬಾರದ ಮನೆ ಅದೇ ಮೊದಲು.

ಆಮೇಲೆ ಬಲ್ಬುಗಳನ್ನು ತೋರಿಸಿದರು. ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಾಲ್ಕು ಹಳೇ ಕಾಲದ ಬಿಸಿಯಾಗುವ ಬಲ್ಬುಗಳು.

“ಇಂವ ಗಂಡ. ಈಕಿ ಹೆಂಡತಿ. ಇದು ಅತ್ತಿ. ಈ ಸಣ್ಣದು ಕೂಸು. ಮನುಷ್ಯಾರ ಮೈಯಿಂದ ಎಷ್ಟು ಶಾಖಾ ಬರ್ತದ, ಇವುರಿಂದನೂ ಅಷ್ಟೇ ಬರ್ತದ ನೋಡ್ರಿ. ತಮ್ಮ ಹೊತ್ತಿಗಿ ತಾವೇ ಹತ್ತತಾವ, ತಾವೇ ಆರ್ತಾವ.”

“ಗಂಡಗೂ ಹೆಂಡತಿಗೂ ಒಂದೇ ನಮೂನಿ ಬಲ್ಬೇನ್ರಿ?”

“ಹೌದ್ರಿ, ಬರೋಬ್ಬರಿ.”

“ಮತ್ತ ಈ ಗಂಡ ಹಗಲಾಗ ಆರ್ಯಾನ.”

“ಕೆಲಸಕ್ಕ ಹೋಗ್ಯಾನ್ರಿ.”

“ಹೆಂಡತಿ?”

“ಮನ್ಯಾಗ ಇರ್ತಾಳ.”

“ಕೆಲಸಾ ಮಾಡಲಾರ್ದೇ?”

ಮೇಡಂ ನಕ್ಕರು. “ಬಲ್ಬಿಗಿ ಕೆಲಸಾ ಮಾಡ್ಲಿಕ್ಕಿ ಬರಲ್ರಿ ಆಯಿ.”

ಒಳ್ಳೆಯ ಮಂದಿಯೇ ಆಗಿದ್ದರು. ಕರೆಂಟು ಹೋದರೆ ಹನ್ನೆರಡು ಮಂದಿಯೂ ಒಟ್ಟಿಗೆ ಸಾಯುತ್ತಿದ್ದರು, ಬಂದರೆ ಒಟ್ಟಿಗೆ ಏಳುತ್ತಿದ್ದರು. ಕಿಟಕಿಯ ಬೆಳಕು ಕಂಡು ತಮ್ಮನ ಹೆಂಡತಿ ಒಂದು ದಿನ ಕೇಳಿದಳು: “ಆ ಮನ್ಯಾಗ ಯಾರೋ ಬಂದಾರಂತಲ್ಲ, ಯಾವ ಮಂದಿ?” ನಾನು ಹೇಳಿದೆ: “ನಾಲ್ಕು ಮಂದಿ ಅದಾರ. ಅತ್ತಿ ಸೊಸಿ ಒಂದು ಮಾತಾಡಂಗಿಲ್ಲ.” ಅವಳು ಎರಡು ದಿನ ನನ್ನ ಸಂಗಡ ಮಾತು ಬಿಟ್ಟಳು.

ಮೇಡಂ ಮೇಲೆ ಒಬ್ಬ ಸಾಹೇಬರಿದ್ದರು. ತಲೆ ನೆರೆತವರು, ಬೀದರಿನವರೇ. ಮೊದಲನೇ ಮನೆ ಅವರ ಬುದ್ಧಿಯಿಂದ ಆದದ್ದು. ಬಂದಾಗಲೆಲ್ಲ ಎಮ್ಮೆಯ ಮೈ ಸವರಿದ ಹಾಗೆ ಅದರ ಗೋಡೆ ಸವರುತ್ತಿದ್ದರು. ಹೊರಗಿನಿಂದ ಮಂದಿ ನೋಡಲು ಬಂದರೆ ಎರಡನೇ ಮನೆಯ ಮುಂದೆ ನಿಲ್ಲುತ್ತಲೇ ಇರಲಿಲ್ಲ, ಮೂರನೇ ಮನೆಗೆ ಒಂದು ಬೆರಳು ತೋರಿಸಿ, ಮೊದಲನೇ ಮನೆಯಲ್ಲಿ ತಾಸುಗಟ್ಟಲೆ ಮಾತಾಡುತ್ತಿದ್ದರು. ಒಮ್ಮೆ ಅಂಕಿ ಬರೆದ ದಫ್ತರ ಕೊಡಲು ಅವರ ಸ್ವಂತ ಮನೆಗೆ ಹೋಗಿದ್ದೆ. ನೆಲ ಮಾರ್ಬಲ್, ಗೋಡೆಗೆ ಎಸಿ. ದಫ್ತರ ಕೊಟ್ಟು ಬಂದೆ.

ಅವರೇ ಒಮ್ಮೆ ಮಂದಿಯ ಎದುರಿಗೆ ಕೇಳಿದರು: “ಆಯಿ, ನಿಮಗ ಯಾವ ಮನಿ ಪಸಂದ್ ಅದ ಹೇಳ್ರಿ.”

“ಮೂರನೇದು.”

“ಆಯಿ ಮಜಾಕ್ ಮಾಡ್ತಾರ,” ಎಂದು ಬಂದವರಿಗೆ ಹೇಳಿದರು.

ಮಜಾಕ್ ಅಲ್ಲ. ಮೊದಲನೇ ಮನೆ ತಂಪಾಗಿತ್ತು, ಅದು ಖರೆ. ಏಪ್ರಿಲಿನಲ್ಲಿ ಎರಡನೇ ಮನೆಯೊಳಗೆ ಹೋದರೆ ರೊಟ್ಟಿಯ ಹಂಚಿನ ಮೇಲೆ ನಿಂತಂತೆ. ಮೂರನೆಯದು ನಡುವೆ. ಅಂಕಿಗಳನ್ನು ನಾನೇ ಬರೆದಿದ್ದೇನೆ, ಸುಳ್ಳು ಬರೆದಿಲ್ಲ. ಆದರೆ ತಂಪಿನ ಕೆಳಗೆ ಮಲಗುವವರು ಬೇರೆ, ತಂಪಿನ ಮೇಲೆ ಏರುವವರು ಬೇರೆ. ಮಣ್ಣಿನ ಮಾಳಿಗೆಯನ್ನು ನಾನು ನಲವತ್ತು ವರ್ಷ ಏರಿದವಳು.

ಮೃಗಶಿರ ಮಳೆಗೆ ನಮ್ಮ ಕಡೆ ಮಿರಗ ಎನ್ನುತ್ತಾರೆ. ಮಿರಗಕ್ಕೆ ಮೊದಲು ಮಾಳಿಗೆಗೆ ಕರ್ಲ ಹಾಕಬೇಕು. ಕರ್ಲ ಎಂದರೆ ಹುಲ್ಲು ಹುಟ್ಟದ ಸವಳು ಮಣ್ಣು. ಹಳ್ಳದ ದಂಡೆಯಿಂದ ತರಬೇಕು, ಸಾಣಿಸಬೇಕು, ಹೊತ್ತು ಮೇಲೆ ಏರಿಸಬೇಕು, ಹರವಬೇಕು, ನೀರು ಚಿಮುಕಿಸಿ ತುಳಿಯಬೇಕು, ಬಿರುಕು ಮೆತ್ತಬೇಕು, ನೀರು ಬೀಳುವ ದೋಣಿಯ ಬಾಯಿ ಬಿಡಿಸಬೇಕು. ಒಂದು ವರ್ಷ ಬಿಟ್ಟರೆ ಮಳೆ ಒಳಗೆ ಬರುತ್ತದೆ. ಇದು ಹೆಂಗಸರ ಕೆಲಸ. ಗಂಡಸರು ಕುರಿ ಹಿಂದೆ ಹೋಗಿರುತ್ತಾರೆ. ಸೋರುವ ಮನೆ ಕಂಡರೆ ಊರಿನ ಮಂದಿ ಮನೆಯನ್ನು ಬೈಯುವುದಿಲ್ಲ, ಆ ಮನೆಯ ಹೆಂಗಸನ್ನು ಬೈಯುತ್ತಾರೆ.

ನನ್ನ ಒಬ್ಬಳೇ ಮಗಳನ್ನು ಸಂತಪುರದಲ್ಲೇ ಕೊಟ್ಟಿದ್ದೆ. ಅವರದೂ ಕುರಿ ಕಾಯುವ ಮನೆ, ಮಳೆ ನಂಬಿದ ಒಂದಿಷ್ಟು ಖುಷ್ಕಿ ಹೊಲ. ಮದುವೆಯಲ್ಲಿ ಪಾತ್ರೆಗಳ ಜೊತೆ ಒಂದು ಬಿದಿರು ನಿಚ್ಚಣಿಕೆಯನ್ನೂ ಕೊಟ್ಟಿದ್ದೆ, ಮಾಳಿಗೆ ಮನೆಗೆ ಹೋಗುವವಳಿಗೆ ಬೇಕಾಗುತ್ತದೆ ಎಂದು. ಬೇಕಾಯಿತು. ಐದನೇ ವರ್ಷ ಕರ್ಲದ ಬುಟ್ಟಿ ಹೊತ್ತು ಏರುವಾಗ ಅದೇ ನಿಚ್ಚಣಿಕೆಯಿಂದ ಬಿದ್ದಳು. ಸೊಂಟದ ಎಲುಬು ಮುರಿಯಿತು. ಬೀದರಿನ ದವಾಖಾನೆಯಲ್ಲಿ ಕೂಡಿಸಿದರು, ಅದು ಸೊಟ್ಟ ಕೂಡಿತು. ಈಗ ಒಂದು ಕಾಲು ಎಳೆದು ನಡೆಯುತ್ತಾಳೆ. ಎಳೆದುಕೊಂಡೇ ಆಮೇಲೂ ಪ್ರತಿ ವರ್ಷ ಏರಿದಳು.

ಅವಳಿರುವ ಓಣಿಯ ಹಳೇ ಮನೆಗಳನ್ನು ಕೆಡವಿ ಹೊಸವನ್ನು ಕಟ್ಟಿಸಿಕೊಡುವುದೆಂದು ಆಗಿತ್ತು. ನಮ್ಮ ಮೂರು ಮನೆಗಳ ಪರೀಕ್ಷೆಯಲ್ಲಿ ಯಾವುದು ಪಾಸಾಗುತ್ತದೋ ಆ ನಮೂನೆಯವು. ಪಟ್ಟಿಯಲ್ಲಿ ಮಗಳ ಹೆಸರೂ ಇತ್ತು. ಮೂರನೇ ಮನೆ ಪಾಸಾಗಲಿ ಎಂದು ನನಗಿದ್ದದ್ದು ಅದಕ್ಕೆ. ಥರ್ಮಾಕೋಲಿನ ಮೇಲೆ ಪ್ರೀತಿಯಿಂದ ಅಲ್ಲ.

ಇಷ್ಟು ತಿಳಿದವಳು ನಾನು ಮಾಡಿದ ಕೆಲಸ ಕೇಳಿ. ಮೊದಲ ವರ್ಷ ಮಿರಗ ಹತ್ತಿರ ಬಂತು. ಗಾಳಿ ತಿರುಗಿತು, ಇರುವೆಗಳು ಮೊಟ್ಟೆ ಹೊತ್ತು ಗೋಡೆ ಏರಿದವು. ನಾನು ಮಗಳನ್ನು ನೋಡಲು ಸಂತಪುರಕ್ಕೆ ಹೋದವಳು ಬರುವಾಗ ಹಳ್ಳದ ಕರ್ಲ ಮೂರು ಚೀಲ ತುಂಬಿ ಬಸ್ಸಿನ ಮೇಲೆ ಹಾಕಿಸಿದೆ.

ಕಂಡಕ್ಟರ್ ಕೇಳಿದ: “ಆಯಿ, ಬೀದರದಾಗ ಮಣ್ಣು ಸಿಗಲ್ಲೇನ್ರಿ?”

“ಸಿಗ್ತದ. ಹುಲ್ಲು ಹುಟ್ತದ.”

ಭಾನುವಾರ ಬಯಲಿನಲ್ಲಿ ಯಾರೂ ಇರುತ್ತಿರಲಿಲ್ಲ. ಮೊದಲನೇ ಮನೆಯ ಮಾಳಿಗೆ ಏರಿ, ಹರವಿ, ತುಳಿದು, ಮೆತ್ತಿ, ದೋಣಿ ಬಿಡಿಸಿ ಇಳಿದೆ. ಕದ್ದು ಮಾಡಿದ್ದಲ್ಲ. ಹೇಳುವಂಥದ್ದು ಎಂದೂ ಅನ್ನಿಸಲಿಲ್ಲ. ಮಾಡಬಾರದ್ದರ ಪಟ್ಟಿಯಲ್ಲಿ ಅಡುಗೆ ಇತ್ತು, ನೀರು ಇತ್ತು, ನಿದ್ದೆ ಇತ್ತು. ಮಾಳಿಗೆ ಇರಲಿಲ್ಲ. ಎಲ್ಲ ಮನೆಯ ಒಳಗಿನ ಮಾತೇ. ಎರಡನೇ ವರ್ಷವೂ ಮಾಡಿದೆ. ಕೈಕಾಲು ತಾವೇ ಹೋದವು. ಮಿರಗದ ಹೊತ್ತಿನಲ್ಲಿ ಮಾಳಿಗೆ ಬರಿದಾಗಿರುವುದನ್ನು ನೋಡಿಕೊಂಡು ಕೂರುವುದು ನನ್ನಿಂದಾಗದು.

ಎರಡನೇ ಮಳೆಗಾಲ ಮುಗಿದ ಮೇಲೆ ಮಗಳ ಓಣಿಯ ಮಂದಿಯನ್ನು ಔರಾದಿಗೆ ಕರೆಸಿದರು. ಸಾಹೇಬರು, ಮೇಡಂ ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಒಂದು ದೊಡ್ಡ ಹಾಲಿನಲ್ಲಿ ಕುರ್ಚಿ ಹಾಕಿದ್ದರು. ಮಗಳು ಮುಂದಿನ ಸಾಲಿನಲ್ಲಿ ಕಾಲು ಚಾಚಿಕೊಂಡು ಕುಳಿತಿದ್ದಳು. ಸಾಹೇಬರು ಮೊದಲನೇ ಮನೆಯ ಫೋಟೊ ತೋರಿಸಿದರು.

“ನೋಡ್ರಿ, ಇದು ನಿಮ್ಮದೇ ಮಾಳಿಗಿ ಮನಿ. ಆದರ ಹೊಸಾ ಮಣ್ಣು. ವರ್ಷಾ ವರ್ಷಾ ಕರ್ಲ ಹೊರೋ ತಾಪತ್ರೆ ಇಲ್ಲ. ಎರಡು ಮಳಿಗಾಲ ಯಾರೂ ಮ್ಯಾಗ ಕಾಲಿಟ್ಟಿಲ್ಲ, ಒಂದು ಹನಿ ಸೋರಿಲ್ಲ. ನನ್ನ ಮಾತು ಬ್ಯಾಡ, ನಿಮ್ಮ ಊರಿನ ಆಯಿನೇ ಕೇಳ್ರಿ. ಆಯಿ, ಸೋರ್ಯಾದೇನ್ರಿ?”

“ಇಲ್ರಿ,” ಎಂದೆ.

ಸೋರಿರಲಿಲ್ಲ. ಕೇಳಿದ್ದಕ್ಕೆ ಹೇಳಿದೆ. ಯಾರೂ ಕಾಲಿಟ್ಟಿಲ್ಲ ಎಂಬ ಮಾತು ಆಮೇಲೆ ನಿಧಾನಕ್ಕೆ ತಲೆಯೊಳಗೆ ಇಳಿಯಿತು. ಪರೀಕ್ಷೆ ಇದ್ದದ್ದೇ ಅದಕ್ಕೆ ಎಂದು ನನಗೆ ಅವತ್ತು ತಿಳಿಯಿತು. ಎರಡು ವರ್ಷ ಅಂಕಿ ಬರೆದವಳಿಗೆ.

ಹೊರಗೆ ಚಹಾ ಕುಡಿಯುವಾಗ ಮಗಳು ಪಕ್ಕಕ್ಕೆ ಬಂದಳು. “ಅವ್ವಾ, ಮ್ಯಾಗ ಏರೋದೇ ಇಲ್ಲಂತ. ಕೇಳಿದೇನು?”

“ಕೇಳ್ದೆ.”

“ಮತ್ತ ಮಾರಿ ಯಾಕ ಹಿಂಗ ಮಾಡೀ? ಚಾದಾಗ ನೊಣ ಬಿದ್ದದೇನು?”

ನಾನು ಚಹಾ ಕುಡಿದು ಜೀಪು ಹತ್ತಿದೆ. ದಾರಿಯುದ್ದಕ್ಕೂ ಲೆಕ್ಕ ಒಂದೇ. ಹೇಳದಿದ್ದರೆ ಮಗಳಿಗೆ ಬೇಗ ಮನೆ ಸಿಗುತ್ತದೆ, ಮೊದಲ ಮಳೆಯಲ್ಲೋ ಎರಡನೆಯದರಲ್ಲೋ ಸೋರುತ್ತದೆ, ಅವಳು ಆ ಕಾಲು ಎಳೆದುಕೊಂಡು ಮತ್ತೆ ಏರುತ್ತಾಳೆ. ಹೇಳಿದರೆ ಮನೆ ನಿಲ್ಲುತ್ತದೆ.

ಮರುದಿನ ಮೇಡಂ ರಜೆಯ ಮೇಲಿದ್ದರು. ಕಾಯಲು ನನ್ನಿಂದಾಗಲಿಲ್ಲ, ಭಾಲ್ಕಿಯ ಬಸ್ಸು ಹತ್ತಿದೆ. ಅವರು ತಮ್ಮ ಮನೆಯ ಸ್ಲ್ಯಾಬಿನ ಮೇಲೆ ತಾಯಿಯ ಜೊತೆ ತೊಗರಿ ಒಣಹಾಕುತ್ತಿದ್ದರು. ನಾನೂ ಮೇಲೆ ಹೋದೆ. ಕಟಕಟೆ ಇದ್ದ ಮೆಟ್ಟಿಲು. ಕಾಳು ಒಣಗಿಸಲು ಮಾತ್ರ ಮೇಲೆ ಏರುವ ಮನೆ.

“ಮೇಡಂ, ಮೊದಲ್ನೇ ಮನಿ ಮಾಳಿಗಿ ನಾ ಮಾಡೀನಿ.”

“ಏನ್ ಮಾಡೀರಿ?”

“ಕರ್ಲ ಹಾಕೀನಿ. ಎರಡೂ ವರ್ಷ, ಮಿರಗಕ್ಕ ಮೊದಲು.”

ಅವರ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. “ಯಾರು ಹೇಳಿದ್ರು ನಿಮಗ?”

“ಮಾಳಿಗಿ ಅದ. ಮಿರಗ ಬಂತು. ಇನ್ನ ಯಾರು ಹೇಳಬೇಕ್ರಿ?”

“ಮಾಡಿದ ಮ್ಯಾಲರೆ ಒಂದು ಮಾತು ಹೇಳಬಾರದಾ?”

“ಕಸಾ ಹೊಡದೀನಿ ಅಂತ ದಿನಾ ಹೇಳ್ತೇನೇನ್ರಿ?”

“ನಿನ್ನಿ ಔರಾದದಾಗ ಯಾಕ ಸುಮ್ಮ ನಿಂತ್ರಿ?”

“ಸೋರ್ಯಾದೇನು ಅಂತ ಕೇಳಿದ್ರು. ಸೋರಿಲ್ಲ.”

ತಾಯಿ ಮರಾಠಿಯಲ್ಲಿ ಏನಾಯಿತೆಂದು ಕೇಳಿದರು. ಮೇಡಂ ಮರಾಠಿಯಲ್ಲೇ ಹೇಳಿದರು: ಈ ಮುದುಕಿ ನನ್ನ ಎರಡು ವರ್ಷ ತಿಂದುಬಿಟ್ಟಳು. ನನಗೆ ಮರಾಠಿ ಬರುತ್ತದೆ. ತಿಂದಿದ್ದರೆ ತಿನ್ನಲಿ, ಮೊದಲು ನೀರು ಕೊಡು ಎಂದರು ತಾಯಿ. ಕೊಟ್ಟರು. ಕುಡಿದೆ. ಆಮೇಲೆ ಮೂವರೂ ಕೂತು ಉಳಿದ ತೊಗರಿ ಹರವಿದೆವು. ಅರ್ಧಕ್ಕೆ ಬಿಟ್ಟು ಬರಲಿಕ್ಕಾಗುತ್ತದೆಯೇ.

ಸೋಮವಾರ ಸಾಹೇಬರು ಬಂದರು. ಗೋಡೆ ಸವರಲಿಲ್ಲ. ನಿಚ್ಚಣಿಕೆ ಹಾಕಿಸಿ ಮೇಲೆ ಹೋಗಿ, ಕೈಯಲ್ಲಿ ಒಂದು ಹೆಂಟೆ ಹಿಡಿದು ಇಳಿದರು. ನಾನು ತುಳಿದದ್ದು ಗುರುತು ಸಿಗದ ಹಾಗೆ ಕೂಡಿಹೋಗಿತ್ತು. ಕೆಲಸ ಚೆನ್ನಾಗಿ ಆಗಿತ್ತು, ಅದೇ ತಪ್ಪು.

“ಆಯಿ, ನೀವು ಕೈ ಹಚ್ಚಲಿಲ್ಲಂದ್ರೂ ಇದು ಸೋರ್ತಿರಲಿಲ್ಲ,” ಎಂದರು.

“ಹಂಗಾದ್ರ ನೋಡ್ರಿ.”

ಹೆಂಟೆಯನ್ನು ಕಟ್ಟೆಯ ಮೇಲೆ ಇಟ್ಟು ಕೈ ಝಾಡಿಸಿದರು. ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡೆ. ತೆಗೆಯಲಿಲ್ಲ. ಇನ್ನೊಂದು ಮಳೆಗಾಲ ನೋಡೋಣ, ಯಾರೂ ಮಾಳಿಗೆ ಏರಬಾರದು ಎಂದರು. ಮೇಡಂ ಮಾಡಬಾರದ್ದರ ಪಟ್ಟಿಯ ಕೆಳಗೆ ಹೊಸ ಸಾಲು ಬರೆದು, ನನ್ನಿಂದ ಓದಿಸಿ, ಸಹಿ ಮಾಡಿಸಿದರು. ಸಂತಪುರದ ಮನೆಗಳ ಕೆಲಸ ಅಲ್ಲಿಯ ತನಕ ನಿಂತಿತು.

ಅಷ್ಟರಲ್ಲಿ ಮಗಳ ಹಳೇ ಮನೆಯನ್ನು ಕೆಡವಿ ಆಗಿತ್ತು. ಕುರಿಹಟ್ಟಿಯ ಪಕ್ಕ ತಗಡು ಹಾಕಿಕೊಂಡಿದ್ದರು. ಫೋನಿನಲ್ಲಿ ಹೇಳಿದಳು.

“ಮಂದಿಗಿ ತಾಯಿ ಮನಿ ಕಟ್ಟಿಸ್ತಾರ. ನನಗ ತಾಯಿ ಮನಿ ನಿಲ್ಲಿಸಿದಳು.”

“ಸೋರೋ ಮನಿ ಬೇಕೇನು?”

“ತಗಡನ್ಯಾಗ ಕೂತೋಳಿಗಿ ಸೋರೋ ಮನಿನೂ ಮನಿನೇ. ನಾ ಏರ್ತಿದ್ದೆ.”

“ಅದಕ್ಕೇ ಹೇಳ್ದೆ.”

ಫೋನು ಇಟ್ಟಳು. ಆ ಚಳಿಗಾಲ, ಆ ಬೇಸಿಗೆ ನನ್ನ ಜೊತೆ ಮಾತಾಡಲಿಲ್ಲ. ನಾನು ಬಲ್ಬುಗಳ ಅಂಕಿ ಬರೆದೆ.

ಮಿರಗ ಬಂತು. ಮೋಡ ಕಟ್ಟಿದಾಗಲೆಲ್ಲ ಅಂಗೈ ತುರಿಸುತ್ತಿತ್ತು. ಮಾಳಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಟ್ಟದ್ದು ಎರಡನೇ ಮನೆಯ ಸ್ಲ್ಯಾಬಿನ ಮೇಲೆ ನಿಂತರೆ ಕಾಣುತ್ತಿತ್ತು. ಅಲ್ಲಿ ನಿಲ್ಲುವುದನ್ನು ಬಿಟ್ಟೆ. ಮೊದಲ ಮಳೆ ತಡೆಯಿತು. ಎರಡನೆಯದೂ ತಡೆಯಿತು. ಸಾಹೇಬರು ಮತ್ತೆ ಗೋಡೆ ಸವರತೊಡಗಿದರು. ಮಗಳು ತಗಡಿನ ಕೆಳಗೆ ಇದ್ದಳು. ಸಾಹೇಬರ ಮಾತೇ ಖರೆ ಆದರೆ ನಾನು ಅವಳ ಮನೆಯನ್ನು ಸುಮ್ಮನೆ ನಿಲ್ಲಿಸಿದ ಹಾಗೆ.

ಅದರ ಮುಂದಿನ ಮಳೆ ಎರಡು ದಿನ ಬಿಡದೆ ಹೊಡೆಯಿತು. ಎರಡನೇ ಸಂಜೆ ಅಂಕಿ ಬರೆಯಲು ಮೊದಲನೇ ಮನೆಯ ಬಾಗಿಲು ತೆಗೆದೆ. ಪಡಸಾಲೆಯ ನಡುವಿನ ತೊಲೆ ಕಪ್ಪಾಗಿತ್ತು. ನಾನು ನೋಡುತ್ತಿದ್ದ ಹಾಗೆ ಒಂದು ಹನಿ ಬಿತ್ತು, ಆಮೇಲೆ ಇನ್ನೊಂದು. ಮೂರನೆಯದು ಹೆಂಡತಿ ಬಲ್ಬಿನ ಮೇಲೆ ಬಿತ್ತು. ಅದು ಪಟ್ ಎಂದು ಒಡೆಯಿತು. ಗಂಡ, ಅತ್ತೆ, ಕೂಸು ಉರಿಯುತ್ತಲೇ ಇದ್ದರು.

ನನಗೆ ಮೊದಲು ಬಂದದ್ದು ನಾಚಿಕೆ. ಇಂಥ ಮನೆಯನ್ನು ಯಾರಾದರೂ ನೋಡಿದರೆ ಇಲ್ಲಿಯ ಹೆಂಗಸು ಯಾರು ಎಂದು ಕೇಳುತ್ತಾರಲ್ಲ ಎಂದು. ಆಮೇಲೆ ದಫ್ತರ ತೆಗೆದು ಬರೆದೆ: ಮೊದಲ ಮನಿ ಸೋರಿದೆ. ಹೆಂಡತಿ ಒಡದಾಳೆ. ನಾನು ಏರಿಲ್ಲ.

ಬೆಳಿಗ್ಗೆ ಸಾಹೇಬರು ಬಂದರು. ಮನೆಯೊಳಗೆ ಕೊಡೆ ಬಿಚ್ಚಿಕೊಂಡೇ ನಿಂತಿದ್ದರು. ಮೇಡಂ ಗಾಜು ಆರಿಸುತ್ತಿದ್ದರು. ಸಾಹೇಬರು ನನ್ನನ್ನು ಹೊರಗಿನ ಕಟ್ಟೆಗೆ ಕರೆದು, ಜೇಬಿನಿಂದ ಪೆನ್ನು ತೆಗೆದು ಕೇಳಿದರು. ಮೂರು ವರ್ಷದಲ್ಲಿ ಅವರು ನನಗೆ ಕೇಳಿದ ಮೊದಲ ಕೆಲಸದ ಮಾತು ಅದು.

“ಆಯಿ, ಒಂದು ಮಾಳಿಗಿಗಿ ಎಷ್ಟು ದಿನದ ಕೆಲಸ?”

“ಮಣ್ಣು ತರೋದು ಸೇರಿ ನಾಲ್ಕು ದಿನ. ಕಾಲು ಗಟ್ಟಿ ಇದ್ರ.”

“ಯಾರು ಮಾಡ್ತಾರ?”

“ನಾ.”

“ನೀವು ಇಲ್ಲದಾಗ?”

“ಮಗಳು.”

ಔರಾದಿನಲ್ಲಿ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತವಳನ್ನು ಅವರು ನೋಡಿದ್ದರು. ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು. ಆಮೇಲೆ ಅದನ್ನೂ ಬರೆದುಕೊಂಡರು. ಮೋಸದ ಮನುಷ್ಯರಲ್ಲ. ಮಣ್ಣಿನ ಮೇಲೆ ಮನಸ್ಸಿತ್ತು, ಅಷ್ಟೇ.

ಮೊದಲನೇ ಮನೆ ಎಲ್ಲಕ್ಕಿಂತ ತಂಪು, ಆದರೆ ವರ್ಷಕ್ಕೊಮ್ಮೆ ಅದಕ್ಕೆ ಗಟ್ಟಿ ಕಾಲಿನ ಒಬ್ಬರು ಬೇಕು ಎಂದು ಅವರ ವರದಿಯಲ್ಲಿ ಇದೆಯಂತೆ. ಮೇಡಂ ಓದಿ ಹೇಳಿದರು. ಸಂತಪುರದ ಓಣಿಗೆ ಮೂರನೇ ನಮೂನೆ ಎಂದಾಯಿತು. ಮೊದಲನೇ ಮನೆಯನ್ನು ಸಾಹೇಬರು ಕೆಡವಲಿಲ್ಲ. ಬೇರೆ ಏನೋ ಪುಡಿ ಕಲಸಿ ನೋಡುತ್ತಿದ್ದಾರೆ. ಹೆಂಡತಿಗೆ ಹೊಸ ಬಲ್ಬು ಹಾಕಿದರು.

ಮಗಳ ಮನೆಯ ಗೋಡೆಗಳೂ ಲಾರಿಯಲ್ಲಿ ಮಲಗಿಕೊಂಡೇ ಬಂದವು. ಮನೆ ಹೊಕ್ಕ ಮೇಲೆ ಬಂದ ಮೊದಲ ಮಿರಗಕ್ಕೆ ನಾನು ಸಂತಪುರಕ್ಕೆ ಹೋದೆ. ಮಗಳು ಮಾತಾಡಿದಳು. ಎಲ್ಲ ಬೈಗುಳವೇ.

“ಏನ್ ಮನಿ ಕೊಡಿಸಿದಿ? ಮೊಳೆ ಹೊಡದ್ರ ನಿಲ್ಲಂಗಿಲ್ಲ. ಬಡದ್ರ ಡಬ್ಬಿ ಬಡದಂಗ ಸಪ್ಪಳ. ಬ್ಯಾಸಗ್ಯಾಗ ಹಳೇ ಮನಿ ತಂಪಿತ್ತು.”

“ಇತ್ತು.”

“ಆ ಮೂಲ್ಯಾಗ ಜರಾ ಹಸಿ ಕಾಣ್ತದ.”

ನಾನು ಎದ್ದೆ. “ನಿಚ್ಚಣಿಕಿ ಎಲ್ಲದ? ಮ್ಯಾಗ ಹೋಗಿ ನೋಡ್ತೇನಿ.”

“ನಿಚ್ಚಣಿಕಿ ಇಲ್ಲ.”

“ಏನ್ ಮಾಡಿದಿ?”

ಅವಳು ಕಾಲು ಎಳೆಯುತ್ತ ಹಿತ್ತಲಿಗೆ ಹೋದಳು, ನಾನು ಹಿಂದೆ ಹೋದೆ. ನಾನು ಮದುವೆಯಲ್ಲಿ ಕೊಟ್ಟ ನಿಚ್ಚಣಿಕೆಯನ್ನು ಅಡ್ಡ ಮಲಗಿಸಿ, ಎರಡು ಕಡೆ ತಂತಿಯಿಂದ ಬಿಗಿದು, ಕುರಿಹಟ್ಟಿಗೆ ಬಾಗಿಲು ಮಾಡಿದ್ದಳು. ಮರಿಗಳು ಅದರ ಮೆಟ್ಟಿಲುಗಳ ಸಂದಿಯಿಂದ ಮೂತಿ ಹೊರಗೆ ಹಾಕಿ ನಿಂತಿದ್ದವು.

“ಹಸಿ ಇದ್ರ ಇರ್ಲಿ,” ಎಂದಳು. “ಒಳಗಿಂದ ಒರಸ್ತೇನಿ.”